ಡಿಸೆಂಬರ್‌ವರೆಗೆ ತೆರೆಯಬಾರದ ಪಟ್ಟಿ

ಪ್ರೊಫೆಸರರ ಕ್ವಾರ್ಟರ್ಸ್, ಮನೆ ನಂ. ೭
೨೨ ಮೇ ೨೦೧೧

ಪ್ರೀತಿಯ ಹೈಮಾ,

ನಿನ್ನ ಎರಡು ಪತ್ರಗಳು ಬಂದು ತಿಂಗಳು ಕಳೆಯಿತು. ಉತ್ತರಿಸಲಿಲ್ಲವೆಂದು ಹನಮಕೊಂಡದಿಂದಲೇ ನೀನು ಹಲ್ಲು ಕಡಿಯುತ್ತಿರುವುದು ಇಲ್ಲಿಗೆ ಕೇಳಿಸುತ್ತಿದೆ. ತಪ್ಪಾಯಿತು ಕಣೇ. ನೀನು ಕಳಿಸಿದ ಮೆಣಸಿನಪುಡಿಯಲ್ಲೇ ಈ ಸಲದ ಆವಕಾಯಿ ಹಾಕಿದ್ದೇನೆ. ಒಂಟಿ ಹೆಂಗಸಿಗೆ ಎರಡು ಜಾಡಿ ಉಪ್ಪಿನಕಾಯಿ ಯಾಕೆ ಅಂತ ಕೇಳಬೇಡ. ಈ ವರ್ಷ ಮನೆಯಲ್ಲಿ ಇನ್ನೊಬ್ಬಳು ಊಟಕ್ಕಿದ್ದಾಳೆ. ಅದನ್ನೇ ಹೇಳಲು ಹೊರಟಿದ್ದು.

ಹೈಮಾ, ದುಡ್ಡು ಬಂತು. ಉದ್ದಾನದ ನೀರಿನ ಸಂಶೋಧನೆಗೆ ನಾನು ಹಾಕಿದ್ದ ಅರ್ಜಿಯನ್ನು ದೆಹಲಿಯ ಪ್ರತಿಷ್ಠಾನ ಒಪ್ಪಿದೆ. ಒಂಬತ್ತು ವರ್ಷಗಳಲ್ಲಿ ಇದು ನಾಲ್ಕನೇ ಅರ್ಜಿ. ಮೊದಲ ಸಲ ‘ವಿಷಯ ತೀರಾ ಸ್ಥಳೀಯ’ ಅಂದರು. ಎರಡನೇ ಸಲ ‘ಇದು ವೈದ್ಯರ ಕೆಲಸ, ರಸಾಯನಶಾಸ್ತ್ರದವರದ್ದಲ್ಲ’ ಅಂದರು. ಮೂರನೇ ಸಲ ಏನೂ ಅನ್ನಲೇ ಇಲ್ಲ. ಈ ಸಲದ ಪತ್ರವನ್ನು ನಿಂತೇ ಓದಿದೆ, ಆಮೇಲೆ ಪ್ರಯೋಗಾಲಯದ ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಅತ್ತೆ. ನಿವೃತ್ತಿಗೆ ಇನ್ನು ಎರಡು ವರ್ಷವೂ ಇಲ್ಲ. ಖಾಲಿ ಕೈಯಲ್ಲಿ ಮನೆಗೆ ಹೋಗುತ್ತೇನೇನೋ ಅಂದುಕೊಂಡಿದ್ದೆ.

ಉದ್ದಾನದ ಸಂಗತಿ ನೀನೂ ಪೇಪರಿನಲ್ಲಿ ಓದಿರುತ್ತೀಯ. ಕಡಲ ಪಕ್ಕದ ಆ ತೆಂಗಿನ, ಗೋಡಂಬಿಯ ತೋಟಗಳ ಊರುಗಳಲ್ಲಿ ಗಟ್ಟಿಮುಟ್ಟಾದ ಗಂಡಸರು ನಲವತ್ತು ದಾಟುವಷ್ಟರಲ್ಲಿ ಮೂತ್ರಪಿಂಡ ಸೋತು ಸಾಯುತ್ತಾರೆ. ಸಕ್ಕರೆ ಕಾಯಿಲೆಯಿಲ್ಲ, ರಕ್ತದೊತ್ತಡವಿಲ್ಲ. ಯಾಕೆ ಸಾಯುತ್ತಾರೆಂದು ಯಾರಿಗೂ ಗೊತ್ತಿಲ್ಲ. ಬಾವಿಯ ನೀರಿನಲ್ಲೇ ಏನೋ ಇದೆ ಎಂಬ ಅನುಮಾನ ನನ್ನದು. ಮೊದಲ ಹಂತದಲ್ಲಿ ಆರು ಊರುಗಳ ನೀರು, ಆ ನೀರು ಕುಡಿಯುವವರ ರಕ್ತ, ಎರಡನ್ನೂ ಪರೀಕ್ಷಿಸಬೇಕು. ಡಿಸೆಂಬರಿನಲ್ಲಿ ದೆಹಲಿಯವರು ಬಂದು ನೋಡುತ್ತಾರೆ. ಅವರಿಗೆ ಒಪ್ಪಿಗೆಯಾದರೆ ಎರಡನೇ ಹಂತ.

ಇದರಲ್ಲಿ ಈಗಷ್ಟೇ ಎಂಎಸ್ಸಿ ಮುಗಿಸಿದ ಒಬ್ಬರಿಗೆ ಆರು ತಿಂಗಳ ಇಂಟರ್ನ್‌ಶಿಪ್ ಇದೆ. ಇಂಥ ಅವಕಾಶ ನಮ್ಮ ವಿಭಾಗಕ್ಕೆ ಎಷ್ಟು ವರ್ಷಕ್ಕೊಮ್ಮೆ ಬರುತ್ತದೆ ಹೇಳು. ಹನ್ನೊಂದು ಅರ್ಜಿ ಬಂದವು. ನಮ್ಮ ವಿಭಾಗದ ಮುಖ್ಯಸ್ಥ ಸರ್ವೇಶ್ವರರಾವ್ ಬೆಳಿಗ್ಗೆಯೇ ಬಂದು ಎದುರಿಗೆ ಕುಳಿತ.

“ಮೇಡಂ, ಡೀನ್ ಸಾರ್ ತಂಗಿ ಮಗಳೂ ಹಾಕಿದ್ದಾಳೆ. ಒತ್ತಾಯ ಏನಿಲ್ಲ.”

“ಒತ್ತಾಯ ಇಲ್ಲ ಅಂದ್ಮೇಲೆ ಹೇಳೋಕೆ ಯಾಕೆ ಬಂದ್ರಿ?” ಅಂದೆ. ನಕ್ಕು ಎದ್ದು ಹೋದ.

ನಾನು ಆರಿಸಿದ್ದು ನಾಗಾವಳಿ ಎಂಬ ಹುಡುಗಿಯನ್ನು. ಉದ್ದಾನದವಳೇ, ನೀಲಾಪುಟ್ಟುಗ ಎಂಬ ಊರು. ಅಪ್ಪ ತೆಂಗಿನ ಮರ ಹತ್ತುವವನು. ತಾಯಿ ಇಲ್ಲ. ಅಂಕಗಳಲ್ಲಿ ಅವಳು ನಾಲ್ಕನೆಯವಳು. ಸಂದರ್ಶನದಲ್ಲಿ ಕೇಳಿದೆ:

“ನಿನಗೇ ಯಾಕಮ್ಮ ಕೊಡ್ಬೇಕು?”

“ಬೇರೆಯವರಿಗೆ ಕೊಟ್ರೆ ನಮ್ಮೂರಲ್ಲಿ ಬಾಗಿಲು ತೆಗೆಯಲ್ಲ ಮೇಡಂ. ಈಗಾಗ್ಲೇ ನಾಲ್ಕು ಸಲ ಬಂದು ರಕ್ತ ತಗೊಂಡು ಹೋಗಿದ್ದಾರೆ. ಒಬ್ಬರೂ ತಿರುಗಿ ಬಂದು ಏನಾಯ್ತು ಅಂತ ಹೇಳಿಲ್ಲ.”

“ನೀನು ಹೋದ್ರೆ ತೆಗೀತಾರಾ?”

“ನಾನು ಅಲ್ಲೇ ಇರೋಳಲ್ವಾ. ಓಡಿ ಎಲ್ಲಿಗೆ ಹೋಗ್ಲಿ?”

ನಿನ್ನ ಹತ್ತಿರ ಮುಚ್ಚುಮರೆ ಏನು, ಹೈಮಾ. ಅವಳನ್ನು ಆರಿಸಿದ್ದು ಅವಳ ಬಡತನ ನೋಡಿಯಲ್ಲ, ಬುದ್ಧಿ ನೋಡಿಯೂ ಅಲ್ಲ. ಬಾಗಿಲುಗಳು ತೆರೆಯಬೇಕಿತ್ತು, ಅದಕ್ಕೆ. ಹಾಸ್ಟೆಲ್ ರಜೆಯಲ್ಲಿ ಮುಚ್ಚಿರುವುದರಿಂದ ನಮ್ಮನೆಯ ಮುಂದಿನ ಕೋಣೆಯಲ್ಲಿದ್ದಾಳೆ. ಮೊದಲ ದಿನ ತಟ್ಟೆಯ ಮುಂದೆ ಸಂಕೋಚದಿಂದ ಮುದುಡಿ ಕುಳಿತಿದ್ದವಳು ಈಗ ನನ್ನ ಸಾರಿಗೆ ಉಪ್ಪು ಸಾಲದು ಅನ್ನುವಷ್ಟು ಸಲಿಗೆ ಬೆಳೆಸಿಕೊಂಡಿದ್ದಾಳೆ.

ನಿನ್ನ ಮಗಳ ಬಸುರಿನ ಸುದ್ದಿ ಓದಿ ಸಂತೋಷವಾಯಿತು. ಅವಳಿಗೆ ನನ್ನ ಹಾರೈಕೆಗಳನ್ನು ಹೇಳು. ಒಂದು ಜಾಡಿ ಆವಕಾಯಿ ಅವಳ ಬಯಕೆಗೇ ಎತ್ತಿಟ್ಟಿದ್ದೇನೆ.

ನಿನ್ನ
ಮಾಣಿಕ್ಯಂ

ಕ್ವಾರ್ಟರ್ಸ್, ೭
೯ ಜುಲೈ ೨೦೧೧

ಹೈಮಾ,

ಇದು ಸಣ್ಣ ಪತ್ರ. ಕೈ ನೋಯುತ್ತಿದೆ. ಐದು ವಾರ ಊರೂರು ಅಲೆದು ನಿನ್ನೆಯಷ್ಟೇ ಹಿಂತಿರುಗಿದೆವು. ಇನ್ನೂರ ಹನ್ನೆರಡು ಜನರ ರಕ್ತ, ಎಪ್ಪತ್ತು ಬಾವಿಗಳ ನೀರು ಈಗ ನಮ್ಮ ಪೆಟ್ಟಿಗೆಗಳಲ್ಲಿವೆ.

ರಕ್ತ ತೆಗೆಯಲು ಎಸ್ತೇರು ಎಂಬ ನಿವೃತ್ತ ನರ್ಸಮ್ಮ ಬಂದಿದ್ದರು. ಹೆಸರು ಬರೆದುಕೊಂಡು, ಸಣ್ಣ ಕೊಳವೆಗಳ ಮೇಲೆ ಸಂಖ್ಯೆ ಹಾಕುವುದು ನಾಗಾವಳಿಯ ಕೆಲಸ. ಯಾವ ಸಂಖ್ಯೆ ಯಾರದೆಂಬ ಪಟ್ಟಿ ನನ್ನ ಬೀರುವಿನಲ್ಲಿ ಬೀಗದೊಳಗಿರುತ್ತದೆ. ಪರೀಕ್ಷೆ ಮಾಡುವವರಿಗೆ ಹೆಸರು ತಿಳಿಯಬಾರದು, ಅದು ಕ್ರಮ.

ಅವಳು ಹೇಳಿದ್ದು ನಿಜವೇ ಆಯಿತು. ನನ್ನನ್ನು ಕಂಡರೆ ಒಳಗೆ ಸರಿಯುವ ಹೆಂಗಸರು ಅವಳನ್ನು ಕಂಡರೆ ಹೊರಗೆ ಬರುತ್ತಿದ್ದರು. ಪೋಲಮ್ಮ ಎಂಬ ಮುದುಕಿಯೊಬ್ಬಳಿದ್ದಾಳೆ. ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಇದೇ ಕಾಯಿಲೆಗೆ ಕೊಟ್ಟವಳು. ಜಗಲಿಯ ಮೇಲೆ ಕುಳಿತು ಬೀದಿಗೆಲ್ಲ ಕೇಳುವ ಹಾಗೆ ಅಂದಳು:

“ಏಯ್ ನಾಗಾ, ಪಟ್ಟಣಕ್ಕೆ ಹೋಗಿ ಅಷ್ಟು ಓದಿ ಕಲಿತಿದ್ದು ಇದನ್ನೇನೇ? ನಮ್ ರಕ್ತ ಸೊಳ್ಳೆನೂ ಕುಡಿಯುತ್ತೆ, ಸರ್ಕಾರದೋರೂ ಕುಡೀತಾರೆ. ಈಗ ನೀನೂ ಶುರು ಮಾಡಿದ್ಯಾ?”

“ಸೊಳ್ಳೆ ಕುಡಿದ್ಮೇಲೆ ಬಂದು ನಿನ್ ರಕ್ತ ಹೆಂಗಿದೆ ಅಂತ ಹೇಳುತ್ತಾ ಅಜ್ಜಿ? ನಾನು ಹೇಳ್ತೀನಿ.”

“ಹೇಳ್ತೀಯಾ?”

“ಹೇಳ್ತೀನಿ.”

“ನೋಡ್ತೀನಿ ಬಿಡು,” ಅಂದು ಮುದುಕಿ ತನಗೆ ಉಳಿದ ಒಬ್ಬನೇ ಮೊಮ್ಮಗನನ್ನು ಒಳಗಿನಿಂದ ಕರೆದು ಕೈ ಚಾಚಿಸಿದಳು. ಆಮೇಲೆ ಆ ಬೀದಿಯೇ ಸಾಲಾಗಿ ನಿಂತಿತು.

ನಾಗಾವಳಿಯ ಅಪ್ಪ ದಾಲಯ್ಯನನ್ನೂ ನೋಡಿದೆ. ನಲವತ್ತೇಳು ವಯಸ್ಸು, ಹುರಿಗಟ್ಟಿದ ಮೈ. ನಾನು ಬಾಟಲಿಯ ನೀರು ತಂದಿದ್ದನ್ನು ನೋಡಿ ಏನೂ ಅನ್ನದೆ ಮರ ಹತ್ತಿದ, ಎಳನೀರು ಕಿತ್ತು ತಂದ. “ಇದನ್ನ ಕುಡೀರಿ ಮೇಡಂಗಾರೂ. ಇದು ನಮ್ಮ ಬಾವೀದಲ್ಲ, ನೆಲದಿಂದ ಅರವತ್ತಡಿ ಮೇಲಿಂದು,” ಅಂದ. ನನಗೆ ನಾಚಿಕೆಯಾಯಿತು, ನಗುವೂ ಬಂತು. ಮಗಳನ್ನು ಅವನು ‘ತಾಯಿ’ ಎಂದೇ ಕರೆಯುವುದು. ಹೊರಡುವಾಗ ಜೀಪಿನವರೆಗೂ ಬಂದು, ಅವಳಿಗೆ ಕೇಳದ ಹಾಗೆ ಕೇಳಿದ:

“ನಮ್ಮ ತಾಯಿ ಮುಂದಕ್ಕೆ ಓದಿದ್ರೆ ಡಾಕ್ಟ್ರು ಆಗ್ತಾಳಂತೆ. ಆದ್ರೆ ಸೂಜಿ ಚುಚ್ಚೋ ಡಾಕ್ಟ್ರು ಅಲ್ವಂತೆ. ಹಂಗಂದ್ರೇನು ಮೇಡಂಗಾರೂ?”

“ನನ್ನ ಥರ,” ಅಂದೆ.

“ಸರಿ. ಹಂಗಾದ್ರೆ ನೀವೇ ನೋಡ್ಕೊಳ್ಳಿ,” ಅಂದ. ಮನೆಯ ಹಸುವನ್ನು ನೆರೆಯವರಿಗೆ ಒಪ್ಪಿಸಿ ಹೋಗುವವರ ಹಾಗೆ, ಅಷ್ಟು ಸುಲಭವಾಗಿ.

ಹೈದರಾಬಾದಿನಲ್ಲಿ ಪಿಎಚ್‌ಡಿಗೆ ಒಳ್ಳೆಯ ಫೆಲೋಶಿಪ್ ಇದೆ. ಅವಳ ಪರವಾಗಿ ನಾನು ಪತ್ರ ಬರೆಯುತ್ತೇನೆಂದು ಮಾತು ಕೊಟ್ಟಿದ್ದೇನೆ. ಇಂಥ ಹುಡುಗಿಯನ್ನು ನಾನು ಇಪ್ಪತ್ತು ವರ್ಷದಲ್ಲಿ ನೋಡಿಲ್ಲ.

ಮಾಣಿಕ್ಯಂ

ಕ್ವಾರ್ಟರ್ಸ್, ೭
೧೮ ಸೆಪ್ಟೆಂಬರ್ ೨೦೧೧

ಪ್ರೀತಿಯ ಹೈಮಾ,

ಮೊಮ್ಮಗಳು ಹುಟ್ಟಿದ ಸುದ್ದಿ ತಲುಪಿತು. ತಾಯಿ ಮಗು ಇಬ್ಬರೂ ಸುಖವಾಗಿರಲಿ. ಉತ್ತರ ತಡವಾದದ್ದಕ್ಕೆ ಕಾರಣವಿದೆ. ಓದಿದ ಮೇಲೆ ನೀನು ನನ್ನ ಪರವಾಗಿ ನಿಲ್ಲುತ್ತೀಯೋ ಇಲ್ಲವೋ ತಿಳಿಯದು. ಆದರೂ ಬರೆಯುತ್ತೇನೆ.

ಜುಲೈ ಕೊನೆಗೆ ರಕ್ತದ ಫಲಿತಾಂಶಗಳು ಬಂದವು. ನೀನು ಸಾಹಿತ್ಯದವಳು, ಬಿಡಿಸಿ ಹೇಳುತ್ತೇನೆ. ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಕಲ್ಮಷವೊಂದು ಇರುತ್ತದೆ. ಒಂದರ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ. ಮೂತ್ರಪಿಂಡ ಸೋತಷ್ಟೂ ಅದು ಏರುತ್ತದೆ. ನಾಲ್ಕು, ಐದು ಅಂದರೆ ಅರ್ಧಕ್ಕಿಂತ ಹೆಚ್ಚು ಹೋಗಿದೆಯೆಂದೇ ಅರ್ಥ, ಆದರೂ ಆ ಮನುಷ್ಯ ಏನೂ ತಿಳಿಯದೆ ಕೆಲಸ ಮಾಡಿಕೊಂಡಿರಬಹುದು. ನಮ್ಮ ಪಟ್ಟಿಯಲ್ಲಿ ಅಂಥ ಸಂಖ್ಯೆಗಳು ಸಾಲುಸಾಲಾಗಿ ಬಂದವು.

ನಾಗಾವಳಿ ಕಾಗದ ಹಿಡಿದುಕೊಂಡು ಓಡಿ ಬಂದಳು. “ಮೇಡಂ, ಪಟ್ಟಿ ತೆಗೀರಿ. ಇವರಿಗೆಲ್ಲ ಹೇಳ್ಬೇಕು.”

ದೆಹಲಿಯ ಅಧಿಕಾರಿಗೆ ಫೋನು ಮಾಡಿದೆ. ಅವರು ಸೌಮ್ಯವಾಗಿಯೇ ಹೇಳಿದರು: “ನವೆಂಬರ್ ಕೊನೆಗೆ ಅದೇ ಜನರ ರಕ್ತವನ್ನ ಇನ್ನೊಂದು ಸಲ ತೆಗೀಬೇಕಲ್ವಾ ಪ್ರೊಫೆಸರ್? ಈಗಲೇ ಹೇಳಿದ್ರೆ ಜನ ಬಾವಿ ಬದಲಾಯಿಸ್ತಾರೆ, ಔಷಧಿ ಶುರು ಮಾಡ್ತಾರೆ. ಎರಡನ್ನೂ ಹೋಲಿಸೋಕೇ ಆಗಲ್ಲ. ಡಿಸೆಂಬರ್ ಪರಿಶೀಲನೆ ಆಗೋವರೆಗೆ ಪಟ್ಟಿ ತೆಗೀಬೇಡಿ. ಅವರು ಸಹಿ ಹಾಕಿದ ಒಪ್ಪಿಗೆ ಪತ್ರದಲ್ಲೂ ಹಾಗೇ ಇದೆ.”

ಇತ್ತು. ಏಳನೇ ಸಾಲಿನಲ್ಲಿ. ನಾನೇ ಬರೆದದ್ದು. ಅದಕ್ಕೆ ಹೆಬ್ಬೆಟ್ಟೊತ್ತಿದವರಿಗೆ ಯಾರು ಓದಿ ಹೇಳಿದ್ದರೋ.

ನಾಲ್ಕು ತಿಂಗಳು ತಾನೇ, ಅಂದುಕೊಂಡೆ. ಕಾರಣ ತಿಳಿದರೆ ಮುಂದೆ ಸಾವಿರಾರು ಜನ ಉಳಿಯುತ್ತಾರಲ್ಲ, ಅಂದುಕೊಂಡೆ. ನಾಗಾವಳಿಗೂ ಹಾಗೇ ಹೇಳಿದೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಒಪ್ಪಿದಳೆಂದೇ ತಿಳಿದೆ.

ಕಳೆದ ತಿಂಗಳು ಆ ಊರುಗಳ ಹತ್ತಿರದ ಸೋಂಪೇಟೆಯ ವೈದ್ಯರೊಬ್ಬರು ಫೋನು ಮಾಡಿದರು. “ಮೇಡಂ, ನಿಮ್ಮ ಪರೀಕ್ಷೆಯವರು ಅಂತ ಮೂವತ್ತೊಂದು ಜನ ಬಂದಿದ್ದಾರೆ. ಎಲ್ಲರಿಗೂ ಅವರವರ ಕ್ರಿಯಾಟಿನಿನ್ ಎಷ್ಟು ಅಂತ ಬಾಯಲ್ಲೇ ಇದೆ. ಕಾಗದ ಮಾತ್ರ ಒಬ್ಬರ ಹತ್ತಿರವೂ ಇಲ್ಲ.”

ಎರಡು ದಿನದಲ್ಲಿ ಜಿಲ್ಲೆಯ ಪತ್ರಿಕೆಯಲ್ಲೂ ಬಂತು, ನಾಲ್ಕನೇ ದಿನ ದೆಹಲಿಗೂ ಮುಟ್ಟಿತು. ನಾಗಾವಳಿಯನ್ನು ಕೋಣೆಗೆ ಕರೆಸಿದೆ. ಸರ್ವೇಶ್ವರರಾವ್ ಕೂಡ ಇದ್ದ.

“ಬೀರುವಿನ ಬೀಗ ಹೇಗೆ ತೆಗೆದೆ?” ಅಂದೆ.

“ತೆಗೀಲಿಲ್ಲ ಮೇಡಂ. ಸಂಖ್ಯೆ ಬರೆದಿದ್ದು ನಾನೇ ಅಲ್ವಾ? ನೂರಾ ನಾಲ್ಕು ಅಂದ್ರೆ ಸೀತನ್ನ ಮಾವ. ನೂರಾ ಐದು ಅವರ ತಮ್ಮ. ನೂರಾ ಒಂಬತ್ತು ಪೋಲಮ್ಮಜ್ಜಿ ಮೊಮ್ಮಗ. ಮರೀಬೇಕು ಅಂದ್ರೂ ಹೇಗೆ ಮರೀಲಿ?”

“ಹೇಳಲ್ಲ ಅಂತ ನೀನು ಸಹಿ ಹಾಕಿದ್ದೆ.”

“ಹಾಕಿದ್ದೆ ಮೇಡಂ.”

“ಮತ್ತೆ?”

“ಹೇಳ್ತೀನಿ ಅಂತ ಅಜ್ಜಿಗೂ ಮಾತು ಕೊಟ್ಟಿದ್ದೆ. ಎರಡೂ ಉಳಿಸ್ಕೊಳ್ಳೋಕಾಗಲ್ಲ ಅಂತ ಆಮೇಲೆ ಗೊತ್ತಾಯ್ತು.”

ಸರ್ವೇಶ್ವರರಾವ್ ಮೇಜಿನ ಮೇಲೆ ಬೆರಳು ಬಡಿಯುತ್ತ, “ನಾನು ಮೊದಲೇ ಹೇಳಿದ್ದೆ, ನೀವು ಕೇಳಲಿಲ್ಲ,” ಅಂದ. ಆ ಮಾತಿಗೆ ನನ್ನ ರಕ್ತ ಕುದಿಯಿತು. ಒಂಬತ್ತು ವರ್ಷ, ಹೈಮಾ. ಮೂರು ಸಲ ತಿರಸ್ಕಾರ. ನನ್ನ ಮನೆಯಲ್ಲಿ ಉಂಡು, ಮಲಗಿ, ನನಗೆ ಒಂದು ಮಾತು ಹೇಳದೆ ಮಾಡಿಬಿಟ್ಟಳಲ್ಲ! ಇಂಟರ್ನ್‌ಶಿಪ್ ರದ್ದು ಮಾಡಿದೆ. ಹೈದರಾಬಾದಿಗೆ ಅವಳ ಪರವಾಗಿ ಬರೆದಿದ್ದೆನಲ್ಲ, ಅದನ್ನು ಹಿಂತೆಗೆದುಕೊಳ್ಳುತ್ತೇನೆಂದೂ, ಗೋಪ್ಯತೆಯ ಕೆಲಸಕ್ಕೆ ಈ ಅಭ್ಯರ್ಥಿ ಅರ್ಹಳಲ್ಲವೆಂದೂ ಇನ್ನೊಂದು ಪತ್ರ ಬರೆದೆ. ಬರೆಯಲೇಬೇಕಿತ್ತೇ ಅಂತ ನೀನು ಕೇಳುತ್ತೀಯ. ದೆಹಲಿಯವರು ‘ಏನು ಕ್ರಮ ಕೈಗೊಂಡಿರಿ’ ಎಂದು ಕೇಳಿದ್ದರು.

ಅವರಿಗೆ ಸಮಾಧಾನವಾಯಿತು. ಉಳಿದ ನೂರ ಎಂಬತ್ತು ಚಿಲ್ಲರೆ ಜನರ ಹೆಸರು ಹೊರಬಿದ್ದಿಲ್ಲವಾದ್ದರಿಂದ ಯೋಜನೆ ಮುಂದುವರಿಯಲಿ ಎಂದಿದ್ದಾರೆ. ನಾಗಾವಳಿ, ಕೆಲಸದಿಂದ ತೆಗೆದ ಸಂಜೆಯೇ ತನ್ನ ಬಟ್ಟೆಗಂಟು ತೆಗೆದುಕೊಂಡು ಹೋಗಿದ್ದಳು. ಪಲಾಸದ ಗೋಡಂಬಿ ಕಾರ್ಖಾನೆಯಲ್ಲಿ ಬೀಜ ಬಿಡಿಸುವ ಕೆಲಸಕ್ಕೆ ಸೇರಿದ್ದಾಳಂತೆ, ಎಸ್ತೇರಮ್ಮ ಹೇಳಿದರು.

ನಾನು ಮಾಡಿದ್ದು ಸರಿ ಎಂದು ದಿನಕ್ಕೊಂದು ಸಲ ಅಂದುಕೊಳ್ಳುತ್ತೇನೆ. ನೀನೂ ಒಂದು ಸಲ ಅಂದುಬಿಡೇ.

ಮಾಣಿಕ್ಯಂ

ಕ್ವಾರ್ಟರ್ಸ್, ೭
೫ ಫೆಬ್ರವರಿ ೨೦೧೨

ಪ್ರೀತಿಯ ಹೈಮಾ,

ನಿನ್ನ ಅಕ್ಟೋಬರಿನ ಪತ್ರಕ್ಕೆ ಈಗ ಉತ್ತರ. ಆ ಪತ್ರವನ್ನು ಎರಡು ಸಲ ಓದಿ ಸಿಟ್ಟಿನಿಂದ ಬದಿಗಿಟ್ಟಿದ್ದೆ. ‘ಓದುವ ಕಾಲದಲ್ಲಿ ನಮ್ಮ ಹಾಸ್ಟೆಲಿನಲ್ಲಿ ಒಬ್ಬಳಿಗೆ ಜ್ವರ ಬಂದರೆ ಹದಿನೆಂಟು ಜನ ಎಚ್ಚರವಿರುತ್ತಿದ್ದೆವು. ನಿನಗೆ ಇನ್ನೂರು ಜನರ ಜ್ವರ ಗೊತ್ತಿದ್ದೂ ನಿದ್ದೆ ಬರುತ್ತಿದೆಯೇನೇ?’ ಅಂತ ಬರೆದಿದ್ದೀಯ. ಇಷ್ಟು ತಿಂಗಳು ಬರೆಯದಿದ್ದುದು ಸಿಟ್ಟಿಗೆಂದು ತಿಳಿಯಬೇಡ. ಮೊದಲು ಸಿಟ್ಟಿತ್ತು. ಆಮೇಲೆ ಬರೆಯಲು ಮುಖವಿರಲಿಲ್ಲ.

ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನವೆಂಬರ್ ಹದಿನೆಂಟಕ್ಕೆ ಎಸ್ತೇರಮ್ಮ ಮನೆಗೆ ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ. “ದಾಲಯ್ಯ ತೋಟದಲ್ಲಿ ಬಿದ್ದುಬಿಟ್ಟ ಮೇಡಂ,” ಅಂದರು.

“ಮರದಿಂದಲಾ?”

“ಮರ ಹತ್ತೋಕೆ ಮುಂಚೆ. ಬುಡದಲ್ಲೇ. ಮೈಯೆಲ್ಲ ಊದ್ಕೊಂಡಿದೆ, ಉಸಿರಾಡೋಕಾಗ್ತಿಲ್ಲ. ವಿಶಾಖಪಟ್ಟಣಕ್ಕೆ ಸೇರಿಸಿದ್ದಾರೆ. ಕಿಡ್ನಿ ಅಂತೆ.”

ಅವರನ್ನು ಬಾಗಿಲವರೆಗೆ ಕಳಿಸಿದೆ. ಆಮೇಲೆ ವಿಭಾಗಕ್ಕೆ ಹೋಗಿ ಬೀರು ತೆರೆದು ಪಟ್ಟಿ ಹೊರತೆಗೆದೆ. ದೆಹಲಿಗೆ ಫೋನು ಮಾಡಲಿಲ್ಲ. ಯಾರನ್ನೂ ಕೇಳಲಿಲ್ಲ. ಮಧ್ಯಾಹ್ನದಿಂದ ರಾತ್ರಿಯವರೆಗೆ ಕೂತು ಇನ್ನೂರ ಹನ್ನೆರಡು ಚೀಟಿಗಳನ್ನು ನಾನೇ ಬರೆದೆ: ಹೆಸರು, ಕ್ರಿಯಾಟಿನಿನ್ ಎಷ್ಟು, ಯಾವ ವೈದ್ಯರನ್ನು ಕಾಣಬೇಕು. ಮರುದಿನ ಬೆಳಿಗ್ಗೆ ಎಸ್ತೇರಮ್ಮನನ್ನು ಕರೆದುಕೊಂಡು ಬಾಡಿಗೆ ಆಟೋದಲ್ಲಿ ಆರು ಊರು ತಿರುಗಿದೆ. ಮೂರು ದಿನ ಹಿಡಿಯಿತು.

ನಾಗಾವಳಿ ಹೇಳಿದ ಮೂವತ್ತೊಂದು ಜನರನ್ನು ಬಿಟ್ಟು ಇನ್ನೂ ಹನ್ನೆರಡು ಜನರಿಗೆ ಕ್ರಿಯಾಟಿನಿನ್ ಏರಿತ್ತು. ಅವಳು ಹೋದ ಮೇಲೆ ಬಂದ ಫಲಿತಾಂಶಗಳು ಕೆಲವು. ಅವಳ ನೆನಪಿನಿಂದ ಜಾರಿದವು ಒಂದೆರಡು. ಆ ಹನ್ನೆರಡರಲ್ಲಿ ಇಬ್ಬರು ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ಮನೆಗಳಲ್ಲಿ ಚೀಟಿಯನ್ನು ಹೆಂಡತಿಯರ ಕೈಗೆ ಕೊಟ್ಟೆ. ಒಬ್ಬಳು ಅದನ್ನು ತಿರುಗಿಸಿ ನೋಡಿ, “ಇದನ್ನ ತೋರಿಸಿದ್ರೆ ಏನಾದ್ರೂ ಕೊಡ್ತಾರಾ?” ಅಂದಳು. ಇಲ್ಲವೆಂದೆ. ಮಡಚಿ ಸೆರಗಿಗೆ ಕಟ್ಟಿಕೊಂಡಳು.

ಪೋಲಮ್ಮ ಜಗಲಿಯಲ್ಲೇ ಇದ್ದಳು. “ಬಂದ್ಲು ನೋಡ್ರೇ ರಕ್ತದಮ್ಮ,” ಅಂದಳು. “ತಗೊಂಡು ಹೋಗೋಕೆ ಜೀಪಲ್ಲಿ ಓಡ್ಕೊಂಡು ಬಂದ್ರಿ. ವಾಪಸ್ ಹೇಳೋಕೆ ಐದು ತಿಂಗಳು ನಡ್ಕೊಂಡು ಬಂದ್ರಾ?” ನಾನು ಚೀಟಿ ಚಾಚಿದೆ. ಅವಳ ಮೊಮ್ಮಗ ಆಗಸ್ಟಿನಲ್ಲೇ ವೈದ್ಯರನ್ನು ಕಂಡವನು. ಉಪ್ಪು ಬಿಟ್ಟಿದ್ದಾನೆ, ದೂರದ ಬಾವಿಯ ನೀರು ತರಿಸುತ್ತಾನೆ, ಸಂಖ್ಯೆ ಏರದೆ ಅಲ್ಲೇ ನಿಂತಿದೆ. ಅದನ್ನು ಹೇಳುವಾಗ ಮುದುಕಿ ನನ್ನನ್ನು ನೋಡಲಿಲ್ಲ. “ನಮ್ಮ ನಾಗಾ ಹೇಳಿದ್ಲು, ಉಳಿದ,” ಅಂದಳು, ಅಷ್ಟೇ.

ದೆಹಲಿಯವರು ಒಂದೇ ವಾರದಲ್ಲಿ ಯೋಜನೆ ನಿಲ್ಲಿಸಿದರು. ಅವರ ದೃಷ್ಟಿಯಲ್ಲಿ ಅದು ಸರಿಯೇ ಇರಬಹುದು. ಉಪಕರಣಗಳನ್ನು ಹಿಂದಕ್ಕೆ ಒಯ್ದರು. ಯಾವ ಬಾವಿಯಲ್ಲಿ ಏನಿದೆ ಎಂಬುದು ಅರ್ಧಕ್ಕೇ ನಿಂತಿತು. ಸರ್ವೇಶ್ವರರಾವ್ ಕೋಣೆಗೆ ಬಂದು, ಈ ಸಲ ಬೆರಳು ಬಡಿಯದೆ, “ಇನ್ನೊಂದು ವರ್ಷ ತಡೆದಿದ್ರೆ ಗೌರವದಿಂದ ನಿವೃತ್ತಿ ಆಗ್ತಿದ್ರಿ ಮೇಡಂ,” ಅಂದ. ಅವನ ದನಿಯಲ್ಲಿ ನಿಜವಾದ ಕನಿಕರವಿತ್ತು. ಅದನ್ನು ತಡೆದುಕೊಳ್ಳುವುದು ಕಷ್ಟವಾಯಿತು.

ಹೈದರಾಬಾದಿಗೂ ಬರೆದೆ. ಸೆಪ್ಟೆಂಬರಿನ ನನ್ನ ಪತ್ರ ತಪ್ಪು, ಆ ಹುಡುಗಿಯಷ್ಟು ನಂಬಿಕೆಗೆ ಯೋಗ್ಯರಾದವರನ್ನು ನಾನು ಕಂಡಿಲ್ಲ ಅಂತ. ಈ ವರ್ಷದ ಸ್ಥಾನ ತುಂಬಿದೆ, ಬರುವ ವರ್ಷ ಅರ್ಜಿ ಹಾಕಲಿ, ಆದರೆ ಒಬ್ಬಳ ಬಗ್ಗೆಯೇ ನೀವು ಮೂರು ಥರ ಬರೆದಿದ್ದೀರಲ್ಲ, ಬೇರೆ ಯಾರಾದರೂ ಶಿಫಾರಸು ಮಾಡಿದರೆ ಒಳ್ಳೆಯದು ಎಂಬ ಉತ್ತರ ಬಂತು. ನ್ಯಾಯವೇ. ಇಲ್ಲಿಯ ಇಬ್ಬರು ಅಧ್ಯಾಪಕರ ಕಾಲು ಹಿಡಿದಂತೆ ಕೇಳಿಕೊಂಡಿದ್ದೇನೆ, ಬರೆದುಕೊಡುತ್ತಾರೆ.

ದಾಲಯ್ಯ ಎರಡು ತಿಂಗಳು ಆಸ್ಪತ್ರೆಗೂ ಮನೆಗೂ ಓಡಾಡಿದ. ನಾನು ಮೂರು ಸಲ ಹೋಗಿ ನೋಡಿದೆ. ಕೊನೆಯ ಸಲ ಹೋದಾಗ ಕೈಕಾಲು ಕಡ್ಡಿಯಾಗಿದ್ದವು. ಆ ಕೈಯಲ್ಲಿ ಮರ ಹತ್ತಿದ್ದನೆಂದರೆ ನಂಬುವ ಹಾಗಿರಲಿಲ್ಲ. ನನ್ನನ್ನು ಕಂಡು ಎದ್ದು ಕೂರಲು ನೋಡಿದ. ನಾಗಾವಳಿ ಹಿಡಿದು ಮಲಗಿಸಿದಳು.

“ಮೇಡಂಗಾರೂ, ನಮ್ಮ ತಾಯಿ ಮೇಲೆ ಸಿಟ್ಟು ಹೋಯ್ತಾ?” ಅಂದ.

“ನನಗೇನು ಸಿಟ್ಟು ದಾಲಯ್ಯ. ತಪ್ಪು ನನ್ನದು.”

“ಹಂಗನ್ಬೇಡಿ. ದೊಡ್ಡೋರು ಬೈತಾರೆ, ಆಮೇಲೆ ಕರೀತಾರೆ. ಕರೀರಿ ಅಷ್ಟೇ.”

ವಾರ್ಡಿನ ವೈದ್ಯರನ್ನು ಹೊರಗೆ ಕರೆದು ಕೇಳಿದೆ. ಕೆಲವು ತಿಂಗಳ ಹಿಂದೆ ಗೊತ್ತಾಗಿದ್ದರೆ ಏನಾದರೂ ಆಗುತ್ತಿತ್ತೇ ಅಂತ. ಅವರು ಯುವಕರು, ಸುಳ್ಳು ಹೇಳಲು ಕಲಿತಿಲ್ಲ. “ವಾಸಿ ಆಗ್ತಿತ್ತು ಅಂತ ಹೇಳಲ್ಲ ಮೇಡಂ. ಆದರೆ ಮೊಣಕಾಲು ನೋವಿಗೆ ಅಂತ ಅಂಗಡೀಲಿ ಸಿಗೋ ಮಾತ್ರೆ ದಿನಾ ನುಂಗಿದ್ದಾರೆ. ಸೋತ ಕಿಡ್ನಿಗೆ ಅದು ವಿಷ. ಅದೊಂದನ್ನ ನಿಲ್ಲಿಸಿದ್ರೂ ಎರಡು ವರ್ಷ, ಮೂರು ವರ್ಷ…” ಅಂದು ನಿಲ್ಲಿಸಿದರು.

ಸಂಕ್ರಾಂತಿಗೆ ಎರಡು ದಿನವಿರುವಾಗ ದಾಲಯ್ಯ ಹೋದ. ಹನ್ನೊಂದನೆಯ ದಿನದ ಕರ್ಮಕ್ಕೆ ನಾನೂ ಎಸ್ತೇರಮ್ಮನೂ ನೀಲಾಪುಟ್ಟುಗಕ್ಕೆ ಹೋಗಿದ್ದೆವು. ಊರವರು ಚಾಪೆ ಹಾಕಿ ಕೂರಿಸಿದರು, ಎಲೆ ಹಾಕಿ ಬಡಿಸಿದರು, ನೀರನ್ನೂ ಕೊಟ್ಟರು. ಕುಡಿದೆ. ಬಾಟಲಿ ಒಯ್ದಿರಲಿಲ್ಲ.

ಊಟವಾದ ಮೇಲೆ ನಾಗಾವಳಿ ಹತ್ತಿರ ಬಂದು ಕುಳಿತಳು. ಗೋಡಂಬಿ ಬೀಜ ಬಿಡಿಸಿ ಬಿಡಿಸಿ, ಸಿಪ್ಪೆಯ ಎಣ್ಣೆಗೆ ಬೆರಳ ತುದಿಗಳು ಸುಟ್ಟು ಕಪ್ಪಾಗಿವೆ. ಮುಂದಿನ ವರ್ಷದ ಫೆಲೋಶಿಪ್ ಅರ್ಜಿಯನ್ನು ಕೊಟ್ಟೆ. ತೆಗೆದುಕೊಂಡು ಓದಿದಳು. “ಯಾವ ವಿಷಯ ಅಂತ ಬರೀಲಿ ಮೇಡಂ?” ಅಂದಳು. “ನಿನಗೇನು ಬೇಕು?” ಅಂದೆ. “ಇದೇ ನೀರು,” ಅಂದಳು. “ಆದ್ರೆ ಒಪ್ಪಿಗೆ ಪತ್ರ ನಾನೇ ಬರೀತೀನಿ.” ಎಪ್ಪತ್ತು ಬಾವಿಗಳ ನೀರಿನ ವಿವರ ಬರೆದಿಟ್ಟ ನನ್ನ ಪುಸ್ತಕಗಳನ್ನೆಲ್ಲ ಅವಳ ಹೆಸರಿಗೆ ಕಟ್ಟಿಟ್ಟಿದ್ದೇನೆ. ಬಂದು ಒಯ್ಯುವೆನೆಂದಿದ್ದಾಳೆ.

ನಾನು ಮುಂದಿನ ತಿಂಗಳು ಸ್ವಯಂ ನಿವೃತ್ತಿಗೆ ಬರೆದುಕೊಡುತ್ತೇನೆ. ಮನೆ ಖಾಲಿ ಮಾಡಬೇಕು. ಕೆಲವು ದಿನ ನಿನ್ನಲ್ಲಿಗೆ ಬಂದಿರಲೇ? ನಿನ್ನ ಮೊಮ್ಮಗಳನ್ನು ಎತ್ತಿಕೊಳ್ಳಬೇಕೆನಿಸಿದೆ. ಅವಳಿಗೆ ನೂರು ವರ್ಷ ಆಯುಸ್ಸಾಗಲಿ. ನಿನ್ನ ಮಗಳ ಮಡಿಲು ತಂಪಾಗಿರಲಿ. ನೀನು ಬಿಸಿಲಿಗೆ ಹೋಗಬೇಡ, ರಕ್ತದೊತ್ತಡದ ಮಾತ್ರೆ ತಪ್ಪಿಸಬೇಡ.

ಎಂದೆಂದಿಗೂ ನಿನ್ನ
ಮಾಣಿಕ್ಯಂ

ಮರೆತದ್ದು: ಮರೆತಿಲ್ಲ, ಹೈಮಾ. ಬರೆಯಲು ಧೈರ್ಯ ಸಾಲದೆ ಸಹಿ ಹಾಕಿಬಿಟ್ಟೆ. ಓದುತ್ತ ನೀನು ಕೇಳಿಯೇ ಇರುತ್ತೀಯ, ಮೂವತ್ತೊಂದು ಮನೆಗೆ ಹೇಳಿದವಳು ತನ್ನ ಮನೆಗೆ ಯಾಕೆ ಹೇಳಲಿಲ್ಲ ಅಂತ. ಅವಳಿಗೆ ಗೊತ್ತಿರಲಿಲ್ಲ. ಸಹಾಯಕರು ಸ್ವಂತ ಮನೆಯವರ ರಕ್ತ ಮುಟ್ಟಬಾರದು, ಸಂಖ್ಯೆ ನೋಡಬಾರದು ಎಂಬುದು ನಿಯಮ. ಆ ದಿನ ಅವಳನ್ನು ಬೇರೆ ಬೀದಿಗೆ ಕಳಿಸಿ ದಾಲಯ್ಯನ ಕೊಳವೆಗೆ ನಾನೇ ಸಂಖ್ಯೆ ಬರೆದೆ. ಅದರ ಫಲಿತಾಂಶ ಬೇರೆಯಾಗಿ ನನ್ನ ಕೈಗೇ ಬಂತು. ಆಗಸ್ಟ್ ಮೊದಲ ವಾರದಿಂದಲೇ ನನಗೆ ಗೊತ್ತಿತ್ತು. ನಾಲ್ಕು ಪಾಯಿಂಟ್ ಆರು.

ಕೋಣೆಯಿಂದ ಹೊರಗೆ ಕಳಿಸಿದ ದಿನ ಅವಳು ಬಾಗಿಲವರೆಗೆ ಹೋಗಿ ತಿರುಗಿ ನಿಂತು ಕೇಳಿದಳು: “ಮೇಡಂ, ನಮ್ಮಪ್ಪಂದು?” ಇನ್ನೇನೂ ಕೇಳಲಿಲ್ಲ. ಇಂಟರ್ನ್‌ಶಿಪ್ಪಿಗಾಗಿ ಬೇಡಲಿಲ್ಲ, ಹೈದರಾಬಾದಿನ ಮಾತೆತ್ತಲಿಲ್ಲ. “ಎಲ್ಲರದ್ದೂ ಡಿಸೆಂಬರಿಗೆ. ಹೋಗು,” ಅಂದೆ. ನಿಯಮಕ್ಕಾಗಿ ಹಾಗಂದೆನೆಂದು ನಿನಗೆ ಬರೆಯಬಹುದಿತ್ತು. ನಿಯಮವನ್ನು ಆಗಲೇ ಮೂವತ್ತೊಂದು ಸಲ ಮುರಿದಾಗಿತ್ತು, ಇನ್ನೊಂದರಿಂದ ಏನೂ ಆಗುತ್ತಿರಲಿಲ್ಲ. ಸಿಟ್ಟಿಗೆ ಅಂದೆ. ಅವಳಿಗೂ ಸ್ವಲ್ಪ ನೋಯಲಿ ಅಂತ ಅಂದೆ.

ನವೆಂಬರಿನಲ್ಲಿ ಚೀಟಿ ಹಂಚುವಾಗ ಅವರ ಮನೆಗೆ ಬೀಗವಿತ್ತು, ಇಬ್ಬರೂ ಆಸ್ಪತ್ರೆಯಲ್ಲಿದ್ದರು. ಆ ಒಂದು ಚೀಟಿಯನ್ನು ಕೈಚೀಲದಲ್ಲೇ ಇಟ್ಟುಕೊಂಡೆ. ಕೊಡುತ್ತೇನೆಂದು ಮೂರು ಸಲವೂ ವಾರ್ಡಿಗೆ ಒಯ್ದೆ, ಮೂರು ಸಲವೂ ವಾಪಸು ತಂದೆ.

ಹನ್ನೊಂದನೆಯ ದಿನ ಹೊರಡುವಾಗ ಅವಳು ಆಟೋದವರೆಗೆ ಬಂದಳು. ಸುತ್ತ ಯಾರೂ ಇರಲಿಲ್ಲ. ಅಂದಳು: “ಊರವರೆಲ್ಲ ಹೋಗಿ ಪರೀಕ್ಷೆ ಮಾಡಿಸ್ಕೊಂಡ್ರು ಮೇಡಂ. ಅಪ್ಪನ್ನೂ ಕರ್ಕೊಂಡು ಹೋಗ್ಬೇಕು ಅಂತ ಹೊರಟಿದ್ದೆ. ಆಮೇಲೆ ಯೋಚನೆ ಮಾಡ್ದೆ. ಅವತ್ತು ನೀವು ಎಷ್ಟೇ ಸಿಟ್ಟಲ್ಲಿದ್ರೂ, ಅಪ್ಪಂದು ಕೆಟ್ಟದಾಗಿದ್ದಿದ್ರೆ ಹೇಳದೆ ಬಿಡ್ತಿರಲಿಲ್ಲ. ಅದಕ್ಕೇ ಸುಮ್ನಾದೆ. ಆಗ ಚೆನ್ನಾಗೇ ಇತ್ತು, ಅಲ್ವಾ? ಆಮೇಲೆ ಒಂದೇ ಸಲಕ್ಕೆ ಏರಿರ್ಬೇಕು.”

ಹೈಮಾ, ನಾನು ಹೌದೆಂದು ತಲೆಯಾಡಿಸಿದೆ.